ಮೂರನೇ ಲೋಟ ಗಸಗಸೆ ಪಾಯಸ

ಹದಿನೈದು ದಿನದ ಹಿಂದೆ ನಾನು ವ್ಯಾನಿಟಿ ಬ್ಯಾಗಿನಲ್ಲಿ ನೂರು ಗ್ರಾಂ ಗಸಗಸೆ ಪೊಟ್ಟಣ ಇಟ್ಟುಕೊಂಡು ಒಂದು ದೊಡ್ಡ ಆಸ್ಪತ್ರೆಗೆ ಹೋಗಿದ್ದೆ. ಗೇಟಿನಲ್ಲಿ ಸೆಕ್ಯುರಿಟಿಯವರು ಬ್ಯಾಗು ತೆರೆಸಿದರು. ಪೊಟ್ಟಣ ಎತ್ತಿ ಮೂಸಿ ನೋಡಿದರು.

“ಇದ್ಯಾಕೆ ಮೇಡಂ ಆಸ್ಪತ್ರೆಗೆ?”

“ಸಾಕ್ಷಿಗೆ” ಅಂದೆ.

ನಗಬೇಡಿ. ಒಬ್ಬ ಹೆಣ್ಣುಮಗಳ ಕೆಲಸ, ಮರ್ಯಾದೆ ಎರಡೂ ಆ ಪೊಟ್ಟಣದಲ್ಲಿತ್ತು.

ಕೃಷ್ಣಮೂರ್ತಿಪುರಂನ ನಮ್ಮ ಮನೆಯ ಮಹಡಿಯಲ್ಲಿ ನಾಗರತ್ನ ಹನ್ನೊಂದು ವರ್ಷದಿಂದ ಬಾಡಿಗೆಗಿದ್ದಾಳೆ. ಆ ಆಸ್ಪತ್ರೆಯ ಐಸಿಯುನಲ್ಲಿ ಸೀನಿಯರ್ ನರ್ಸ್. ನಂಜನಗೂಡಿನ ಆಚೆ ಅವಳ ಹಳ್ಳಿ. ಅಲ್ಲಿಂದ ನರ್ಸಿಂಗ್ ಓದಲು ಬಂದ ಮೊದಲ ಹುಡುಗಿ ಅವಳೇ. ಐಸಿಯುನಲ್ಲಿ ತೀರಾ ನೋವಿರುವವರಿಗೆ ಕೊಡುವ ಮಾರ್ಫಿನ್ ಇಂಜೆಕ್ಷನ್‌ಗಳಿಗೆ ಬೇರೆಯೇ ಕಪಾಟು. ಅವಳ ಡ್ಯೂಟಿಯಲ್ಲಿ ಅದರ ಬೀಗದ ಕೈ ಅವಳ ಹತ್ತಿರ. ಆ ಕೀಲಿಯ ಬಗ್ಗೆ ಅವಳಿಗೆ ಎಷ್ಟು ಹೆಮ್ಮೆ ಎಂದರೆ, ನಮ್ಮ ಮನೆಯ ಬೀರುವಿನ ಕೀಲಿ ನಾನು ಎಲ್ಲೆಂದರಲ್ಲಿ ಬಿಸಾಡುವುದನ್ನು ಕಂಡರೆ ಬೈಯುತ್ತಾಳೆ.

ಈಗ ಅದಕ್ಕೆ ಮೂರು ದಿನ ಮುಂಚಿನ ಭಾನುವಾರದ ಕತೆಗೆ ಬರುತ್ತೇನೆ. ನಮ್ಮ ಅತ್ತೆಗೆ ಎಂಬತ್ತು ತುಂಬಿತು. ಮನೆಯಲ್ಲೇ ಊಟ, ಗಸಗಸೆ ಪಾಯಸ. (ಅತ್ತೆಗೆ ಕೇಕ್ ಅಂದರೆ ಆಗುವುದಿಲ್ಲ. ನನಗೆ ಅತ್ತೆಯ ಎದುರು ಮಾತಾಡಲು ಆಗುವುದಿಲ್ಲ.) ನಾಗರತ್ನ ಎರಡು ಲೋಟ ಕುಡಿದು ಕೈ ಅಡ್ಡ ಹಿಡಿದಳು.

“ಸಾಕಕ್ಕ, ಬುಡಿ. ಇದ ಕುಡುದ್ರೆ ನಿದ್ದೆ ಬತ್ತದೆ. ಬೆಳಿಗ್ಗೆ ಡ್ಯೂಟಿ ಅದೆ.”

ಬಿಡುತ್ತೇನೆಯೇ? ನಮ್ಮ ಊರಿನಲ್ಲಿ ಅತಿಥಿ ‘ಸಾಕು’ ಅಂದಾಗಲೇ ಬಡಿಸುವ ಕೆಲಸ ಶುರುವಾಗುವುದು. ಅಡ್ಡ ಹಿಡಿದ ಕೈ ಸರಿಸಿ, “ಒಂದೇ ಒಂದು ಕಣೇ, ನನ್ನಾಣೆ” ಎಂದು ಮೂರನೇ ಲೋಟ ತುಂಬಿಸಿದೆ. ಪಾಪ, ಕುಡಿದಳು.

ಸೋಮವಾರ ಬೆಳಿಗ್ಗೆ ಡ್ಯೂಟಿಗೆ ಹೋದರೆ ಅವರ ಆಸ್ಪತ್ರೆಯಲ್ಲಿ ಹೊಸ ಪದ್ಧತಿ. ಆ ಕಪಾಟು ಮುಟ್ಟುವ ನರ್ಸುಗಳೆಲ್ಲ ಮೂತ್ರ ಪರೀಕ್ಷೆಗೆ ಕೊಡಬೇಕು, ಯಾರಾದರೂ ಡ್ರಗ್ಸ್ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ನೋಡುವುದಕ್ಕೆ. ಮೊದಲೇ ಹೇಳುವ ಹಾಗಿಲ್ಲ, ಹೇಳಿದರೆ ಪರೀಕ್ಷೆಯೇ ಅಲ್ಲವಲ್ಲ. ಜೊತೆಗೊಂದು ಫಾರಂ. ಎರಡು ದಿನದಲ್ಲಿ ಮಾತ್ರೆ ತೆಗೆದುಕೊಂಡಿದ್ದೀರಾ? ಸಿರಪ್? ನಾಗರತ್ನ ಎಲ್ಲಕ್ಕೂ ‘ಇಲ್ಲ’ ಎಂದು ಬರೆದು ಸಹಿ ಹಾಕಿದಳು. ಅತ್ತೆಯ ಹುಟ್ಟುಹಬ್ಬದ ಊಟಕ್ಕೆ ಆ ಫಾರಂನಲ್ಲಿ ಕಾಲಂ ಇರಲಿಲ್ಲ.

ಮಂಗಳವಾರ ಅವಳನ್ನು ಕರೆದು, ಮಾರ್ಫಿನ್ ಪಾಸಿಟಿವ್ ಬಂದಿದೆ, ಸದ್ಯಕ್ಕೆ ಮನೆಯಲ್ಲಿರಿ ಅಂದರು. ಕೀಲಿಯನ್ನು ಇಬ್ಬರ ಎದುರಿನಲ್ಲಿ ಕೊಡಿಸಿಕೊಂಡರು. ಹೊರಗೆ ಬರುವಾಗ ಲ್ಯಾಬಿನ ಟೆಕ್ನಿಷಿಯನ್ ಒಬ್ಬರು ಮೆಲ್ಲಗೆ ಕೇಳಿದರಂತೆ, “ಸಿಸ್ಟರ್, ನಿನ್ನೆ ಮೊನ್ನೆ ಏನಾದ್ರೂ ಗಸಗಸೆ ತಿಂದಿದ್ರಾ?” ಗಸಗಸೆ ಬರುವುದು ಅಫೀಮಿನ ಗಿಡದಿಂದಲೇ, ಮಾರ್ಫಿನ್ ಬರುವುದೂ ಅದರಿಂದಲೇ. ಹೆಚ್ಚು ತಿಂದರೆ ಒಂದೆರಡು ದಿನ ಆ ಪರೀಕ್ಷೆಗೆ ಸಿಕ್ಕಿಬೀಳಬಹುದು. ಅಡುಗೆಮನೆಯಲ್ಲಿ ಇಷ್ಟು ವರ್ಷ ಸವೆಸಿದ ನನಗೆ ಇದು ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತೇ?

ಬಂದವಳು ಮಹಡಿ ಹತ್ತಲಿಲ್ಲ. ನಮ್ಮ ಮೆಟ್ಟಿಲ ಮೇಲೇ ಕೂತಳು.

“ಕೆಲ್ಸ ಹೋದ್ರೆ ಇನ್ನೊಂದು ನೋಡ್ಕಬೋದು ಅಕ್ಕ. ಆದ್ರೆ ನಮ್ಮೂರ್ಗೆ ಎಂಗೆ ಹೋಗ್ಲಿ? ನನ್ನ ನೋಡ್ಕೊಂಡು ಇನ್ನೂ ಮೂರು ಹುಡುಗೀರು ನರ್ಸಿಂಗ್ ಸೇರವ್ರೆ.”

ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಬೆಳಿಗ್ಗೆ ಆರೂವರೆಗೆ ಅವಳ ಸ್ಕೂಟಿ ಸ್ಟಾರ್ಟ್ ಆಗುವ ಸದ್ದಿಗೇ ನಾನು ಹಾಲು ಒಲೆಗಿಡುವುದು. ಮರುದಿನ ಆರೂವರೆಗೆ ತಲೆಯ ಮೇಲೆ ಅವಳ ಹೆಜ್ಜೆ ಸದ್ದು, ಈ ಗೋಡೆಯಿಂದ ಆ ಗೋಡೆಗೆ. ಕೆಳಗೆ ನನ್ನದು. “ನೀವಿಬ್ಬರೂ ಸೇರಿ ನನಗೆ ತಲೆ ತಿರುಗಿಸ್ತಿದ್ದೀರ” ಅಂದರು ಯಜಮಾನರು.

ಅದಕ್ಕೇ ಆ ಬುಧವಾರ ಪೊಟ್ಟಣ ಹಿಡಿದು ಹೊರಟದ್ದು. ಜೊತೆಗೆ ಒಂದು ಪತ್ರ. ಅಕ್ಕಿ ಎಷ್ಟು, ಗಸಗಸೆ ಎಷ್ಟು, ತೆಂಗಿನಕಾಯಿ ಎಷ್ಟು, ಒಟ್ಟು ಎಷ್ಟು ಲೋಟ, ಮೂರನೆಯದನ್ನು ಬಲವಂತ ಮಾಡಿದವರು ಯಾರು, ಎಲ್ಲ ಬರೆದು ಕೆಳಗೆ ಸಹಿ. ಅತ್ತೆಯೂ ಸಾಕ್ಷಿ ಎಂದು ಸಹಿ ಹಾಕಿದರು. (ಪಾಯಸಕ್ಕೆ ಬೆಲ್ಲ ಕಡಿಮೆಯಾಗಿತ್ತು ಎಂದು ಸೇರಿಸಬೇಕೆಂದರು. ನಾನು ಸೇರಿಸಲಿಲ್ಲ.)

ಎಚ್‌ಆರ್ ಕೋಣೆಯಲ್ಲಿದ್ದ ಯುವಕ ಪತ್ರವನ್ನು ಪೂರ್ತಿ ಓದಿದರು. ಒಳ್ಳೆಯ ಮನುಷ್ಯ.

“ನಮ್ಮನೇಲೂ ಅಮ್ಮ ಗಸಗಸೆ ಪಾಯಸ ಮಾಡ್ತಾರೆ ಮೇಡಂ.”

“ಹಾಗಾದ್ರೆ ನಿಮಗೆ ಅರ್ಥ ಆಯ್ತಲ್ಲಪ್ಪ.”

“ಅರ್ಥ ಆಯ್ತು ಮೇಡಂ. ಪಾಲಿಸೀಲಿ ಇಲ್ಲ. ಸ್ಯಾಂಪಲ್ ಇನ್ನೊಂದ್ಸಲ ಟೆಸ್ಟ್ ಮಾಡೋಕೆ ಬೆಂಗಳೂರಿಗೆ ಹೋಗಿದೆ, ರಿಪೋರ್ಟ್ ಬರ್ಲಿ.”

“ಡಾಕ್ಟರುಗಳಿಗೂ ಈ ಟೆಸ್ಟ್ ಮಾಡ್ತೀರಾ?”

“ಅದು ಸೆಕೆಂಡ್ ಫೇಸ್ ಮೇಡಂ.”

“ಮ್ಯಾನೇಜ್‌ಮೆಂಟ್‌ನವರಿಗೆ?”

ಅವರಿಗೆ ಇದ್ದಕ್ಕಿದ್ದಂತೆ ಕಂಪ್ಯೂಟರಿನಲ್ಲಿ ಏನೋ ಅರ್ಜೆಂಟ್ ಕೆಲಸ ಕಾಣಿಸಿತು.

ಟೆಸ್ಟೇ ಬೇಡ ಅನ್ನುವವಳು ನಾನಲ್ಲ. ನಾಳೆ ನಾನೇ ಐಸಿಯುನಲ್ಲಿ ಮಲಗಿದರೆ ಸೂಜಿ ಚುಚ್ಚುವವರ ಕೈ ನಡುಗಬಾರದು, ನನಗೆ ಬರೆದ ಇಂಜೆಕ್ಷನ್ ಇನ್ನೊಬ್ಬರ ಮೈಗೆ ಹೋಗಬಾರದು. ಮಾಡಲಿ. ಆದರೆ ಮೊದಲ ರಿಪೋರ್ಟ್ ಕಡೆಯ ಮಾತಲ್ಲ ಎಂದು ಲ್ಯಾಬಿನವರಿಗೇ ಗೊತ್ತಿರುವಾಗ, ಕೀಲಿ ಕಸಿಯುವುದಕ್ಕೆ ಅಷ್ಟು ಅವಸರವೇಕೆ? ‘ನಿನ್ನೆ ಏನು ತಿಂದೆ?’ ಎಂದು ಒಂದು ಮಾತು ಕೇಳಿದ್ದು ಆ ಟೆಕ್ನಿಷಿಯನ್ ಮಾತ್ರ. ಅದೂ ಕದ್ದುಮುಚ್ಚಿ.

ಎಂಟು ದಿನಕ್ಕೆ ರಿಪೋರ್ಟ್ ಬಂತು. ಸಿಕ್ಕಿರುವುದು ಅತ್ಯಲ್ಪ, ಆಹಾರದಿಂದ ಬಂದಿರುವಂಥದ್ದು, ಔಷಧದ್ದಲ್ಲ. ನಾನು ಹೋಗಿ ದೇವರಿಗೆ ತುಪ್ಪದ ದೀಪ ಹಚ್ಚಿದೆ. ನಾಗರತ್ನ ಯೂನಿಫಾರಂ ಇಸ್ತ್ರಿ ಮಾಡಿಕೊಂಡು ಹೊರಟಳು. ಸಂಜೆ ಬಂದು ಅವಳೇ ಹೇಳಿದಳು.

“ಓಪೀಡೀಲಿ ಬೀಪಿ ನೋಡಕ್ಕೆ ಹಾಕವ್ರೆ. ಸದ್ಯಕ್ಕಂತೆ.”

“ಕೀಲಿ?”

“ಬ್ಯಾರೆಯೋರ್ ಹತ್ರ ಅದೆ. ಇರ್ಲಿ ಬುಡಿ.”

ಸದ್ಯಕ್ಕೆ ಅಂದರೆ ಎಷ್ಟು ದಿನ? ಯಾರೂ ಹೇಳಿಲ್ಲ. ಕ್ಯಾಂಟೀನಿನಲ್ಲಿ ಅವಳು ಕೂತ ಟೇಬಲ್ಲಿನಲ್ಲಿ ಮಾತು ಸಣ್ಣಗಾಗುತ್ತದಂತೆ. ರಿಪೋರ್ಟ್ ಸರಿಯಾಗಿದೆ ಎಂದು ಯಾವ ನೋಟಿಸ್ ಬೋರ್ಡಿನಲ್ಲೂ ಹಾಕಲಿಲ್ಲ. ಪಾಸಿಟಿವ್ ಬಂದಿತ್ತು ಎಂಬುದಕ್ಕೆ ನೋಟಿಸ್ ಬೋರ್ಡೇ ಬೇಕಾಗಲಿಲ್ಲ. ನನಗೆ ಮತ್ತೆ ಆ ಎಚ್‌ಆರ್ ಕೋಣೆಗೆ ಹೋಗಿ ಜಗಳವಾಡಬೇಕು ಅನ್ನಿಸುತ್ತದೆ. ಅವಳು ಬೇಡ ಅನ್ನುತ್ತಾಳೆ. ನನ್ನ ಉಪಕಾರಕ್ಕೆ ಅವಳು ಹೆದರುತ್ತಾಳೋ ಏನೋ. ಹೆದರಬೇಕಾದ್ದೇ.

ನಿನ್ನೆ ಪೂರಿ, ಸಾಗು ಮಾಡಿದ್ದೆ. ಮಾಮೂಲಿನಂತೆ ಒಂದು ಡಬ್ಬಿಗೆ ಹಾಕಿಕೊಂಡು ಮಹಡಿ ಹತ್ತಿದೆ. ನಾಗರತ್ನ ಡಬ್ಬಿ ಇಸಿದುಕೊಂಡಳು. ಮುಚ್ಚಳ ತೆಗೆದಳು. ತಲೆ ಎತ್ತದೆ, ತುಂಬಾ ಸಣ್ಣ ದನಿಯಲ್ಲಿ ಕೇಳಿದಳು.

“ಇದ್ರಲ್ಲಿ ಏನೇನು ಆಕಿದ್ದೀರಿ ಅಕ್ಕ?”

ಹನ್ನೊಂದು ವರ್ಷ ನನ್ನ ಕೈಯಡುಗೆಯನ್ನು ಕಣ್ಣುಮುಚ್ಚಿ ತಿಂದವಳು ಹೀಗೆ ಕೇಳಿದರೆ, ನಾನು ಯಾರ ಮೇಲೆ ಸಿಟ್ಟಾಗಲಿ?