ಹುಂಜ ಒಪ್ಪಿಸಲು ಹೋದದ್ದು

ನನಗೊಂದು ದೌರ್ಬಲ್ಯವಿದೆ. ಯಾರಾದರೂ ಎದುರಿಗೆ ನಿಂತು ಪ್ರೀತಿಯಿಂದ ಏನನ್ನಾದರೂ ಕೊಟ್ಟರೆ ಬೇಡವೆನ್ನಲು ನಾಲಿಗೆ ಏಳುವುದಿಲ್ಲ. ಮೂರು ತಲೆಮಾರಿನಿಂದ ಮೊಟ್ಟೆಯನ್ನೂ ಮುಟ್ಟದ ಗದಗ ಕಡೆಯ ಲಿಂಗಾಯತ ಮನೆತನದ ನಾನು, ಜೀವಂತ ಹುಂಜವೊಂದನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದದ್ದು ಇದೇ ಕಾರಣಕ್ಕೆ.

ಆಗ ನಾನು ವಿಜಯವಾಡದಲ್ಲಿ ಬ್ಯಾಂಕಿನ ಶಾಖೆಯೊಂದಕ್ಕೆ ಮ್ಯಾನೇಜರ್. ಸಂಕ್ರಾಂತಿಯ ಹಿಂದಿನ ದಿನ ಇಬ್ರಾಹಿಂಪಟ್ನಂ ಕಡೆಯ ರೈತರೊಬ್ಬರು ಬಂದು, "ನಾಟು ಕೋಡಿ ಸಾರ್, ಇಂಟ್ಲೋ ವಂಡಿಂಚಂಡಿ" ಎಂದು ಕಾಲು ಕಟ್ಟಿದ ಹುಂಜವನ್ನು ನನ್ನ ಮೇಜಿನ ಮೇಲೇ ಮಲಗಿಸಿದರು. ನಾಟಿ ಕೋಳಿ, ಹಬ್ಬಕ್ಕೆ ಮನೆಯಲ್ಲಿ ಅಡುಗೆ ಮಾಡಿಸಿಕೊಳ್ಳಿ ಎಂಬ ಆದರ. ನಾನು ತಿನ್ನುವುದಿಲ್ಲ ಅಂದಿದ್ದರೆ ಆ ಮನುಷ್ಯ ನಕ್ಕು ಮರುದಿನ ಒಂದು ಜಾಡಿ ಆವಕಾಯಿ ಉಪ್ಪಿನಕಾಯಿ ತಂದುಕೊಡುತ್ತಿದ್ದರು. ನಾನು ಮಾತ್ರ "ಥ್ಯಾಂಕ್ಸ್ ಅಂಡಿ, ಭಾರೀ ಚೆನ್ನಾಗಿದೆ" ಎಂದುಬಿಟ್ಟೆ.

ಗವರ್ನರ್‌ಪೇಟೆಯ ನಮ್ಮ ಬಾಡಿಗೆ ಮನೆಯ ತಾರಸಿಯಲ್ಲಿ ಅದು ವರ್ಷವಿಡೀ ಬಾಳಿತು. ನನ್ನ ಹೆಂಡತಿ ಗಿರಿಜಾ ಮೊದಲ ವಾರ ಮೂಗು ಮುಚ್ಚಿಕೊಂಡಳು, ಎರಡನೆಯ ವಾರ ಜೋಳ ಹಾಕಿದಳು, ಮೂರನೆಯ ವಾರ ಸರದಾರ ಎಂದು ಹೆಸರಿಟ್ಟಳು. ಕೆಳಗಿನ ಸಗಟು ಅಂಗಡಿಯವರು ಕಂಡಾಗಲೆಲ್ಲ "ಎಪ್ಪುಡು ಕೋಸ್ತಾರು ಸಾರ್?" ಎಂದು ಕೇಳುತ್ತಿದ್ದರು. ಯಾವಾಗ ಕೊಯ್ಯುತ್ತೀರಿ ಅಂತ. ನಾನು "ಮುಂದಿನ ವಾರ" ಅನ್ನುತ್ತಿದ್ದೆ. ಐವತ್ತು ವಾರ ಹಾಗೇ ಅಂದಿದ್ದೇನೆ.

ಕೋಳಿಯ ಮೇಲೆ ನಮ್ಮಲ್ಲಿ ಗಾದೆಗಳಿಗೇನೂ ಕೊರತೆಯಿಲ್ಲ. ಕೋಳಿ ಕೇಳಿ ಖಾರ ಅರೆಯುತ್ತಾರೆಯೇ ಎನ್ನುತ್ತೇವೆ; ತನ್ನ ಕೋಳಿ ಕೂಗಿದರೇ ಬೆಳಗಾಗುವುದೆಂದು ನಂಬಿದ ಮುದುಕಿಯನ್ನು ಇವತ್ತಿಗೂ ಹಾಸ್ಯ ಮಾಡುತ್ತೇವೆ. ಹುಡುಕಿ ನೋಡಿದೆ, ಕೋಳಿಯ ಪರವಾಗಿ ಮಾತಾಡುವ ಗಾದೆ ಒಂದೂ ಸಿಗಲಿಲ್ಲ. ಇದು ನನಗೆ ಹೊಳೆದದ್ದು ವಿಶಾಖಪಟ್ಟಣಕ್ಕೆ ವರ್ಗವಾಗಿ, ಅಲ್ಲಿನ ಮನೆಯ ಮಾಲೀಕರು ಪ್ರಾಣಿಪಕ್ಷಿ ಕೂಡದು ಎಂದ ದಿನ. ನಾಯಿಯನ್ನೋ ಬೆಕ್ಕನ್ನೋ ಯಾರಿಗಾದರೂ ಸಾಕಲು ಕೊಡಬಹುದು. ಹುಂಜವನ್ನು ಯಾರಿಗೆ ಕೊಟ್ಟರೂ ಅದು ಭಾನುವಾರದವರೆಗಿನ ಮಾತು. ನನಗೆ ಊಟ ಸೇರದಾಯಿತು. ಬ್ಯಾಂಕಿನಲ್ಲಿ ಯಾರಾದರೂ ಡಬ್ಬಿ ಬಿಚ್ಚಿದರೆ ಸಾಕು, ಮಸಾಲೆಯ ವಾಸನೆಗೆ ಎದ್ದು ಹೊರಗೆ ಹೋಗುತ್ತಿದ್ದೆ.

ಕೊನೆಗೆ ವಿಶಾಖಪಟ್ಟಣದ ಹೊರಗೆ, ಬೆಟ್ಟದ ಬುಡದಲ್ಲಿ, ದಿಕ್ಕಿಲ್ಲದ ಪ್ರಾಣಿಗಳನ್ನೆಲ್ಲ ಒಂದೇ ಅಂಗಳದಲ್ಲಿ ಸಾಕುವ ಆಶ್ರಯವೊಂದಿದೆ ಎಂದು ತಿಳಿಯಿತು. ಫೋನಿನಲ್ಲಿ ಹೆಂಗಸೊಬ್ಬರು, "ತನ್ನಿ ಬಾಬು. ಹೊಂದಿಕೊಂಡರೆ ಇಟ್ಟುಕೊಳ್ಳುತ್ತೇವೆ, ಇಲ್ಲದಿದ್ದರೆ ವಾಪಸು ಒಯ್ಯಬೇಕು" ಎಂದು ತೆಲುಗಿನಲ್ಲಿ ಹೇಳಿದರು. ವಾಪಸು ಎಲ್ಲಿಗೆ? ತೂತು ಮಾಡಿದ ರಟ್ಟಿನ ಪೆಟ್ಟಿಗೆಯನ್ನು ಕಾರಿನ ಹಿಂದಿನ ಸೀಟಿನಲ್ಲಿಟ್ಟುಕೊಂಡು ಹೊರಟೆವು. ಪ್ರತಿ ಟೋಲಿನಲ್ಲೂ ನಾನು ಮುಚ್ಚಳ ತೆಗೆದು ನೋಡುವುದು, ಸರದಾರ ನನ್ನ ಬೆರಳು ಕುಕ್ಕುವುದು. ಹೀಗೆ ತುನಿ ದಾಟುವ ಹೊತ್ತಿಗೆ ನನ್ನ ಮೂರು ಬೆರಳಿಗೆ ಪಟ್ಟಿ ಬಿದ್ದಿತ್ತು.

ಫೋನಿನಲ್ಲಿ ಮಾತಾಡಿದಾಕೆಯೇ ಗೇಟು ತೆರೆದರು. ಹೆಸರು ಅಪ್ಪಲನರಸಮ್ಮ. ಅಂಗಳದಲ್ಲಿ ಕಣ್ಣು ಕಾಣದ ಹಸು, ಅದಕ್ಕೆ ಒರಗಿದ ಕುಂಟು ಕತ್ತೆ, ಕತ್ತೆಯ ಬೆನ್ನ ಮೇಲೆ ಬೆಕ್ಕು. ಇವೆಲ್ಲದರ ನಡುವೆ ರಾಜು ಎಂಬ ಮೂರು ಕಾಲಿನ ದೊಡ್ಡ ನಾಯಿ. ಅದರ ಬಾಯಿ ನೋಡಿ ನನ್ನ ಬಾಯಿ ಒಣಗಿತು.

ಅಲ್ಲಿನ ಕ್ರಮ ಹೀಗೆ: ಹೊಸದಾಗಿ ಬಂದ ಹಕ್ಕಿಯನ್ನು ಅಂಗಳದ ನಡುವೆ ಬಿದಿರು ಬುಟ್ಟಿಯಡಿ ಕವುಚಿಡುತ್ತಾರೆ. ಎಲ್ಲರೂ ಬಂದು ಮೂಸಿ ಹೋಗಬೇಕು. ಕಡೆಗೆ ರಾಜು ಅದಕ್ಕೆ ಬೆನ್ನು ತಿರುಗಿಸಿ ಮಲಗಬೇಕು. ಮಲಗಿದರೆ ಬುಟ್ಟಿ ಎತ್ತುತ್ತಾರೆ. ಸಂಜೆಯಾದರೂ ಮಲಗದಿದ್ದರೆ ಇಲ್ಲ. ನಾನು ಇದುವರೆಗೆ ಏಳು ಶಾಖೆ ಕಂಡವನು. ಹೊಸ ಊರಿನಲ್ಲಿ ಮೊದಲ ತಿಂಗಳು ನಮ್ಮನ್ನೂ ಹೀಗೇ ಮೂಸಿ ನೋಡುತ್ತಾರೆ, ಯಾರೂ ತಿರುಗಿ ನೋಡದ ದಿನ ನಾವು ಆ ಊರಿನವರಾಗಿರುತ್ತೇವೆ. ಆದರೆ ಯಾವ ಶಾಖೆಯಲ್ಲೂ ಅಷ್ಟು ದೊಡ್ಡ ಹಲ್ಲುಗಳಿರಲಿಲ್ಲ.

ಹಸು ಮೂಸಿತು, ಕತ್ತೆ ಮೂಸಿತು, ಬೆಕ್ಕು ಒಂದು ಸುತ್ತು ಹೊಡೆದು ಬೇಸರಗೊಂಡಿತು. ರಾಜು ಮಾತ್ರ ಕಿವಿ ನಿಮಿರಿಸಿ ನಿಂತೇ ಇದ್ದ. ಅರ್ಧ ಗಂಟೆ, ಒಂದು ಗಂಟೆ. ನಾನು ಬುಟ್ಟಿಯ ಪಕ್ಕ ಕಾವಲು ನಿಂತಿದ್ದೆ, ಅಂಗಿ ಬೆನ್ನಿಗೆ ಅಂಟಿತ್ತು. ಸರದಾರನನ್ನು ಸುಮ್ಮನೆ ಸಾಯಲು ತಂದೆನೇನೋ ಎನ್ನಿಸಿತು.

"ರೀ, ಒಂದ್ ಕಡಿ ಕುಂದರ್ರಿ," ಎಂದಳು ಗಿರಿಜಾ ಜಗಲಿಯಿಂದ. "ಆ ನಾಯಿಕಿಂತ ನಿಮ್ಮನ್ನ ನೋಡಾಕ ಭಯ ಆಗ್ತೈತಿ."

ಅಪ್ಪಲನರಸಮ್ಮ ಹಸುವಿಗೆ ಹುಲ್ಲು ಹಾಕುತ್ತಿದ್ದವರು ನನ್ನತ್ತ ತಿರುಗಿದರು. "ಕಂಗಾರು ಪಡಕಂಡಿ ಬಾಬು, ಗಾಬರಿ ಬೇಡ. ರಾಜು ಕೋಳಿಯನ್ನು ನೋಡುವುದು ಬಿಟ್ಟು ಎಷ್ಟೋ ಹೊತ್ತಾಯಿತು. ಪೆಟ್ಟು ತಿಂದು ಕಾಲು ಕಳಕೊಂಡ ನಾಯಿ ಅದು. ಕೋಲು ಹಿಡಿದು ನಿಂತವರ ಮುಂದೆ ಹೇಗೆ ಮಲಗುತ್ತದೆ?"

ನನ್ನ ಕೈ ನೋಡಿಕೊಂಡೆ. ಮಾರುದ್ದದ ಬಿದಿರು ಕೋಲು. ಯಾವಾಗ ಎತ್ತಿಕೊಂಡೆನೋ ದೇವರಾಣೆಗೂ ನೆನಪಿಲ್ಲ. ನಾಚಿಕೆಯಿಂದ ಅದನ್ನು ಬೇಲಿಯಾಚೆ ಎಸೆದು, ನೆಲದ ಮೇಲೆ, ಕತ್ತೆಯ ಪಕ್ಕ ಕುಳಿತೆ. ಕತ್ತೆ ನನ್ನ ಕತ್ತು ಮೂಸಿತು. ಬೆಕ್ಕು ಬಂದು ಮಂಡಿ ಮೂಸಿತು. ರಾಜು ಕುಂಟುತ್ತ ಬಂದು ನನ್ನ ಪಟ್ಟಿ ಕಟ್ಟಿದ ಬೆರಳುಗಳನ್ನು ಒಂದೊಂದಾಗಿ ಮೂಸಿ, ಉಸ್ಸೆಂದು ಉಸಿರು ಬಿಟ್ಟು, ಬೆನ್ನು ತಿರುಗಿಸಿ ಮಲಗಿದ.

ಅಪ್ಪಲನರಸಮ್ಮ ಬುಟ್ಟಿ ಎತ್ತಿದರು. ಸರದಾರ ರೆಕ್ಕೆ ಕೊಡವಿ ಹೊರಬಂದು, ರಾಜುವಿನ ಬಾಲದ ಹತ್ತಿರವೇ ಕಾಳು ಹೆಕ್ಕತೊಡಗಿದ. ಅಂದು ಆ ಅಂಗಳಕ್ಕೆ ಒಗ್ಗಬೇಕಾಗಿದ್ದ ಹೊಸ ಪ್ರಾಣಿ ಯಾವುದೆಂದು ಆಕೆಗೆ ಮೊದಲೇ ಗೊತ್ತಿದ್ದಿರಬೇಕು. ನನ್ನ ಅಳತೆಯ ಬುಟ್ಟಿ ಮಾತ್ರ ಅವರಲ್ಲಿ ಇರಲಿಲ್ಲ.