ತೂಕಕ್ಕೆ ಕೊಂಡ ವಿಮಾನದ ಟ್ರಾನ್ಸ್‌ಫಾರ್ಮರು

ಗುಜರಿಯಲ್ಲಿ ಏನನ್ನೇ ಕೊಳ್ಳಿ, ತಕ್ಕಡಿ ನೋಡುವ ಮೊದಲು ಅದರ ಮೇಲಿನ ತಗಡನ್ನು ಓದಿ. ಪೂರ್ತಿ ಓದಿ. ನಾನು ಅರ್ಧ ಓದಿದ್ದೆ.

ಐವತ್ತರ ದಶಕದಲ್ಲಿ ಚಾಮರಾಜನಗರದಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದೆ. ಗುಂಡ್ಲುಪೇಟೆಯಿಂದ ಮೊದಲ ಸಲ ಒಂದು ಮದುವೆಗೆ ಕರೆ ಬಂತು. ಅಲ್ಲಿ ಮೈಕ್ ಕೈಕೊಟ್ಟರೆ ಆ ಊರಿನ ಬಾಗಿಲು ಮುಚ್ಚಿದ ಹಾಗೆಯೇ. ನನ್ನ ಸೆಟ್ಟಿನ ಟ್ರಾನ್ಸ್‌ಫಾರ್ಮರು ಸುಟ್ಟಿದ್ದರಿಂದ ಬೆಂಗಳೂರಿನ ಗುಜರಿಗೆ ಹೋದೆ. ಯುದ್ಧ ಮುಗಿದ ಮೇಲೆ ಬಿಚ್ಚಿಹಾಕಿದ ವಿಮಾನಗಳ ಸಾಮಾನು ಅಲ್ಲಿ ತೂಕದ ಮೇಲೆ ಸಿಗುತ್ತಿತ್ತು. ಅಂಗೈಯಲ್ಲಿ ಕೂರುವಂಥ ಟ್ರಾನ್ಸ್‌ಫಾರ್ಮರುಗಳು! ತೂಕಕ್ಕೆ ಮಾರುವವನ ಹತ್ತಿರ ಹಗುರದ್ದನ್ನು ಆರಿಸುವುದೇ ಜಾಣತನ ಅಲ್ಲವೇ? ತಗಡಿನ ಮೇಲೆ ನೂರ ಹದಿನೈದು ವೋಲ್ಟು ಎಂದಿತ್ತು. ನಮ್ಮ ಲೈನು ಇನ್ನೂರ ಮೂವತ್ತು. ಒಂದರ ಬೆನ್ನಿಗೆ ಒಂದು ಜೋಡಿಸಲು ಎರಡು ಕೊಂಡೆ.

ಮದುವೆಯ ಹಿಂದಿನ ದಿನ ಬೆಳಿಗ್ಗೆ, ಮೋಟಾರಿಗೆ ತಂತಿ ಸುತ್ತುವ ಪಕ್ಕದಂಗಡಿಯ ಸಾಬರ ಮುಂದೆ ಸ್ವಿಚ್ ಹಾಕಿದೆ. ಎರಡೂ ಗುಂಯ್ ಎಂದವು. ಅರಗು ಸುಟ್ಟ ವಾಸನೆ. ಸಾಬರು ಓಡಿಬಂದು ವೈರು ಕಿತ್ತರು.

"ಅರೆ ಅಣ್ಣ, ಕೆಳಗೆ ನಾನೂರು ಸೈಕಲ್ ಅಂತ ಬರ್ದದಲ್ಲ, ಓದ್ನಿಲ್ವಾ?"

"ನಾನೂರು ಅನ್ನೋದ್ನ ಓದ್ದೆ ಸಾಬ್ರೆ, ಸೈಕಲ್ ಅನ್ನೋದ್ನ ಓದ್ನಿಲ್ಲ. ನಾನೂರು ಅಂದ್ರೆ ಜೋರು ಮಾಲು ಅನ್ಕಂಡೆ."

"ಕರೆಂಟು ಅಂಗೊಂದ್ಸಲ ಇಂಗೊಂದ್ಸಲ ಓಗಿಬರೋ ಲೆಕ್ಕ ಕಣಣ್ಣ ಅದು. ವಿಮಾನ್ದಲ್ಲಿ ಸೆಕೆಂಡಿಗೆ ನಾನೂರು, ನಮ್ ಲೈನಲ್ಲಿ ಐವತ್ತು. ಬಿರಬಿರನೆ ಓಗಿಬರೋ ಕರೆಂಟ್ಗೆ ಚೂರು ಕಬ್ಣ ಸಾಕು, ನಿಧಾನದ್ದಕ್ಕೆ ದಪ್ಪ ಕಬ್ಣ ಬೇಕು. ಆಕಾಸಕ್ಕೆ ಆರೋದು ಅಂತ ಅಗುರ ಮಾಡವ್ರೆ. ನೀನು ಓಗೋದು ಬಸ್ಸಲ್ಲಿ!"

ತಂತಿ ಸುಟ್ಟಿದ್ದ ಹಳೆಯ ಟ್ರಾನ್ಸ್‌ಫಾರ್ಮರಿನ ದಪ್ಪ ಕಬ್ಬಿಣ ನನ್ನಲ್ಲಿ ಹಾಗೇ ಇತ್ತು. ವಿಮಾನದ ತಾಮ್ರದ ತಂತಿ ಇನ್ನೂ ಕೆಟ್ಟಿರಲಿಲ್ಲ. ವ್ಯಾಪಾರ ಕುದುರಿಸಿದೆ: "ಈ ತಂತೀನ ಆ ಕಬ್ಣಕ್ಕೆ ಸುತ್ಕೊಡಿ. ಸಾಲ್ದೆ ಬಂದ್ರೆ ನಿಮ್ ತಂತಿ ಸೇರ್ಸಿ. ನಿಮ್ ಮಗಳ ನಿಕಾಕ್ಕೆ ಮೈಕು ಪುಕ್ಕಟೆ."

"ಗಂಡೇ ಸಿಕ್ನಿಲ್ಲ, ಮೈಕ್ ಸಿಕ್ಬುಡ್ತು!" ಎಂದು ನಗುತ್ತಲೇ ಕೂತರು. ನಾನು ಸುತ್ತುವ ಯಂತ್ರದ ಹಿಡಿ ತಿರುಗಿಸಿದೆ. ಮಧ್ಯಾಹ್ನದ ಹೊತ್ತಿಗೆ ಸಿದ್ಧವಾಯಿತು.

ಗುಂಡ್ಲುಪೇಟೆಯ ಬಸ್ಸಿನಲ್ಲಿ ಕಂಡಕ್ಟರು ಗೋಣಿಯಲ್ಲಿ ಸುತ್ತಿದ್ದ ಟ್ರಾನ್ಸ್‌ಫಾರ್ಮರು ನೋಡಿ, "ಏನ್ ಯಜಮಾನ್ರೆ, ರುಬ್ಬೋ ಒಳ್ಳುಕಲ್ಲಾ? ಲಗೇಜ್ ಚಾರ್ಜಾಯ್ತದೆ" ಎಂದ. ಸೀಟು ಹಿಡಿದಿಲ್ಲವಲ್ಲ ಎಂದು ವಾದಿಸಿ ತೊಡೆಯ ಮೇಲಿಟ್ಟುಕೊಂಡೆ. ತೆರಕಣಾಂಬಿ ದಾಟುವಷ್ಟರಲ್ಲಿ ಕಾಲು ಜೋಮು ಹಿಡಿದಿತ್ತು.

ಮಾರನೆಯ ದಿನ ಮೈಕು ಬೀದಿ ತುಂಬ ಮೊಳಗಿತು. ಆಗಾಗ ಕಬ್ಬಿಣ ಮುಟ್ಟಿ ನೋಡುತ್ತಿದ್ದೆ, ಬೆಚ್ಚಗಿತ್ತು, ಅಷ್ಟೇ. ಊಟಕ್ಕೆ ಕೂತಾಗ ಪಕ್ಕದ ಎಲೆಯವರು, "ನಮ್ಮನೆ ಮದ್ವೆಗೂ ಬಂದೀರಾ?" ಎಂದರು.

"ಬತ್ತೀನಿ," ಎಂದೆ, "ಆದ್ರೆ ಬಸ್‌ಸ್ಟ್ಯಾಂಡಿಗೆ ಎತ್ತಿನ ಗಾಡಿ ಕಳಿಸ್ಬೇಕು."