ಕುದುರಿ ಕಟ್ಟಿದ ಬೆಲಿ

ಹಳೇ ಕ್ಲಾರಿನೆಟ್ಟಿಗೆ ಬೆಲಿ ಕಟ್ಟಾಕ ಮುಂಡರಗಿಯಿಂದ ಲಕ್ಷ್ಮೇಶ್ವರದ ತನಕ ನನ್ನಂಥವ ಇನ್ನೊಬ್ಬ ಇಲ್ಲ. ಒಮ್ಮೆ ನಾ ಹರ್ತಿಯೊಳಗ ಊದಿದಾಗ ಅಷ್ಟು ದೂರದ ನಾಗಾವಿ ಊರಿನ ಎಮ್ಮಿಗಳು ಎದ್ದು ನಿಂತಿದ್ವು.

ಹೋದ ವರ್ಷ ಬೆಟಗೇರಿಯ ಬ್ಯಾಂಡ್ ಅಂಗಡ್ಯಾಗ ಚಾ ಕುಡೀತಿದ್ದೆ. ಅಡರಕಟ್ಟಿಯ ನೀಲವ್ವ ತೀರಿಹೋದ ಗಂಡನ ಕ್ಲಾರಿನೆಟ್ ಮಾರಾಕ ತಂದ್ಲು. ಮನ್ಯಾಗ ಊದವ್ರು ಯಾರೂ ಇಲ್ಲ ಅಂದ್ಲು. ಅಂಗಡಿಯವ ಅದರ ಕಟ್ಟಿಗಿ ಬಿರುಕು ಬಿಟ್ಟದ್ದು ನೋಡಿ, "ಗುಜರಿಗೆ ಹಾಕಬೇ" ಅಂದ. ಆಕಿ ಮುಖ ಸಣ್ಣದಾತು.

"ತಡೀಬೇ ಯವ್ವಾ" ಅಂದು ನಾ ಬಿರುಕಿಗೆ ಮೇಣ ತಿಕ್ಕಿ, ಊದೋ ತುದಿಗೆ ಹೊಸ ರೀಡ್ ಪಟ್ಟಿ ಹಾಕಿ, ಮದುವಿ ಮೆರವಣಿಗಿ ಧಾಟಿ ಊದಿದೆ. ಹೊರಗ ಒಂದು ಮುದಿ ಮದುವಿ ಕುದುರಿ ಕಟ್ಟಿತ್ತು. ಕುಣಿಯೋದು ಬಿಟ್ಟು ಎಷ್ಟೋ ದಿನ ಆಗಿತ್ತು. ಅದು ಹಗ್ಗ ಹರಕೊಂಡು ಬಂದು ಬಾಗಿಲದಾಗ ಕುಣಿಯಾಕ ಹತ್ತಿತು. ಖರೇ ಹೇಳ್ತೀನಿ, ಮುಂಗಾಲು ಅಂಗಡಿ ಬೋರ್ಡಿಗೆ ಮುಟ್ಟಿದ್ವು.

ಕುದುರಿಯವ ಬೆರಗಾಗಿ, "ಈ ಅವ್ವಾರ ಯಜಮಾನ್ರು ಮೆರವಣಿಗ್ಯಾಗ ಈ ಕುದುರಿ ಮುಂದನ ಇದನ್ನ ಊದತಿದ್ರು" ಅಂದ.

ಅಂಗಡಿಯವ ಜಲ್ದಿ ದನಿ ಬದಲಿಸಿದ. "ಎಷ್ಟು ಕೊಡ್ಲಿ, ಹೇಳ್ರಿ ಅಜ್ಜಾರ."

ನಾ ಮೀಸಿ ತಿರುವಿ ಹೊಸಾದರ ಬೆಲಿ ಹೇಳಿದೆ. ಅವ ಒಪ್ಪಿದ. ನೀಲವ್ವ ಮಾತ್ರ ಕ್ಲಾರಿನೆಟ್ ಸೆರಗಿನಾಗ ಸುತ್ತಿಕೊಂಡು, "ಕುದುರಿಗೇ ನೆನಪೈತಿ, ನಾ ಹೆಂಗ ಮಾರ್ಲಿ ಯಜ್ಜಾ?" ಅಂದು ಬಸ್ಸಿಗೆ ಹೋದ್ಲು.

ಬೆಲಿ ಕಟ್ಟೋದ್ರಾಗ ಈಗೂ ನನ್ನ ಮೀರಿಸಾವ್ರಿಲ್ಲ. ಅವತ್ತಿನಿಂದ ಆ ಅಂಗಡ್ಯಾಗ ನನಗ ಚಾ ಮಾತ್ರ ಕೊಡಂಗಿಲ್ಲ.